ಹನುಮಪ್ಪನ ವೇಷದಲ್ಲಿ ಬಂದ ನಾಚಿಕೆಗಳು

ದೇವರ ವೇಷ ಹಾಕಿದವನಿಗೆ ಊರೆಲ್ಲ ಕೈ ಮುಗಿಯುತ್ತದೆ ಎನ್ನುತ್ತಾರೆ. ನಿಜವೇ. ಆದರೆ ಆ ಮುಗಿದ ಕೈಗಳ ನಡುವೆ ನಿಂತು ನಾನು ಎಷ್ಟು ಸಲ ಭೂಮಿಗಿಳಿದು ಹೋಗಿದ್ದೇನೆಂಬುದು ಆ ಸ್ವಾಮಿಗೊಬ್ಬನಿಗೇ ಗೊತ್ತು. ಮಕ್ತಲದ ನಮ್ಮ ಬಯಲಾಟದ ಮೇಳದಲ್ಲಿ ಹನುಮಪ್ಪನ ವೇಷ ನನ್ನದಾಗಿತ್ತು. ಬಣ್ಣ ಹಚ್ಚುವ ದಿನ ಉಪವಾಸ, ತಣ್ಣೀರ ಸ್ನಾನ, ಗದೆಗೆ ಪೂಜೆ, ಯಾವುದನ್ನೂ ತಪ್ಪಿಸುತ್ತಿರಲಿಲ್ಲ. ಆಟ ಕಲಿಸುವ ಮಾಸ್ತರರು, "ವೇಷದ ನಡತಿ ನೋಡಬೇಕಂದ್ರ ಇವನ್ನ ನೋಡ್ರಿ" ಎಂದು ಉಳಿದವರಿಗೆ ಹೇಳುತ್ತಿದ್ದರು. ಇಷ್ಟಾದರೂ ನಾಚಿಕೆ ನನ್ನ ಬೆನ್ನು ಬಿಡಲಿಲ್ಲ.

ಹಡೆದ ಮನೆ

ಹೆಂಡತಿ ಚೊಚ್ಚಲ ಹೆರಿಗೆಗೆ ಗದ್ವಾಲದ ತವರಿಗೆ ಹೋಗಿದ್ದಳು. ಅದೇ ಊರಲ್ಲಿ ನಮ್ಮ ಆಟ ನಿಗದಿಯಾಯಿತು. ಹರಿಗೋಲಿನಲ್ಲಿ ಕೃಷ್ಣೆ ದಾಟಿ ಹೋದೆವು. ಗಂಡುಮಗು ಹುಟ್ಟಿದೆ ಎಂಬ ಸುದ್ದಿ ಬರುವಷ್ಟರಲ್ಲಿ ನನ್ನ ಮುಖಕ್ಕೆ ಬಣ್ಣ ಬಿದ್ದಿತ್ತು, ಬೆತ್ತಕ್ಕೆ ನಾರು ಸುತ್ತಿದ ಬಾಲವನ್ನೂ ಕಟ್ಟಿಯಾಗಿತ್ತು. ಮನಸ್ಸು ತಡೆಯಲಿಲ್ಲ. ಹಾಗೆಯೇ ಹೋಗಿ ಮಾವನವರ ಬಾಗಿಲಲ್ಲಿ ನಿಂತೆ.

ಅತ್ತೆಯವರು ಹೊರಗೆ ಬಂದವರೇ ಕಾಯಿ ಒಡೆದು, ಆರತಿ ಎತ್ತಿ, ಅಡ್ಡಬಿದ್ದರು. ಸರಿ ಎಂದು ನಾನು ಹೊಸ್ತಿಲ ಒಳಗೆ ಕಾಲಿಡಲು ಹೋದರೆ ಅಡ್ಡ ನಿಂತರು.

"ಒಳಗ ಬರಬ್ಯಾಡ ನಮ್ಮಪ್ಪ, ಹಡದ ಮನಿ. ಮೈಲಿಗಿ ಐತಿ."

"ಅತ್ತೀ, ನಾನ್ರೀ. ಕೂಸಿನ ಅಪ್ಪ."

ಒಳಗಿನಿಂದ ಮಾವನವರ ದನಿ ಬಂತು. "ಅಪ್ಪ ಆದ್ರ ಬಣ್ಣ ತೊಳಕೊಂಡು ಬಾ ಅನ್ನು. ಹನುಮಪ್ಪ ಆದ್ರ ಗುಡಿಗೆ ಹೋಗು ಅನ್ನು. ಬ್ರಹ್ಮಚಾರಿ ಸ್ವಾಮಿಗೆ ಕೂಸು ಎಲ್ಲಿಂದ ಬಂತು ಅಂತ ನಾಳೆ ಓಣಿ ಮಂದಿ ಕೇಳಿದ್ರ ನಾ ಏನು ಹೇಳಲಿ?"

ಹಥಿಯಾರ

ಆವತ್ತಿನಿಂದ ಮಾವನವರದು ಒಂದೇ ಹಠ. ನಾನು ವೇಷ ಬಿಡಬೇಕು, ಬಿಡುವ ತನಕ ಮಗಳನ್ನೂ ಮೊಮ್ಮಗನನ್ನೂ ಕಳಿಸುವುದಿಲ್ಲ, ತೋರಿಸುವುದೂ ಇಲ್ಲ. ಸ್ವಾಮಿಯ ಸೇವೆ ಬಿಡು ಎಂದರೆ ಹೇಗೆ ಬಿಡಲಿ ಎಂದು ನಾನು ಒದ್ದಾಡುತ್ತಿದ್ದೆ.

ಅಷ್ಟರಲ್ಲಿ ಪೊಲೀಸ್ ಆಕ್ಷನ್ ಆಯಿತು, ಫೌಜು ಬಂದು ನವಾಬಿ ಆಳ್ವಿಕೆ ಮುಗಿಯಿತು. ಯಾರ ಹತ್ತಿರ ಕತ್ತಿ, ಬಂದೂಕು, ಯಾವ ಹಥಿಯಾರ ಇದ್ದರೂ ತಂದು ಚಾವಡಿಯಲ್ಲಿ ಒಪ್ಪಿಸಬೇಕೆಂದು ಡಂಗುರ ಹೊಡೆಸಿದರು. ಮಾಸ್ತರರು ವೇಷದ ಪೆಟ್ಟಿಗೆ ತೆಗೆದು ನೋಡಿ, "ನಮ್ಮ ಹತ್ರನೂ ಅದಾವಲ್ಲಪ" ಎಂದರು. ಬಂದೂಕು ಹಿಡಿದು ನಿಂತವರ ಸಾಲಿನಲ್ಲಿ ನಾವೂ ನಿಂತೆವು. ರಾವಣನ ಕೈಯಲ್ಲಿ ಬೇಗಡೆ ಅಂಟಿಸಿದ ರಟ್ಟಿನ ಕತ್ತಿ, ನನ್ನ ಕೈಯಲ್ಲಿ ಸೋರೆಬುರುಡೆಯ ಗದೆ. ಪೊಲೀಸ್ ಅಮೀನರು ಗದೆ ಇಸಿದುಕೊಂಡು ಅಲ್ಲಾಡಿಸಿದರು. ಒಳಗೆ ಬೀಜ ಗಲಗಲ ಎಂದವು.

"ಇದರಿಂದ ಯಾರನ್ನ ಹೊಡದಿ?"

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. "ರಾಕ್ಷಸರನ್ನ ಹೊಡದೀನ್ರಿ."

"ಎಷ್ಟು ಮಂದಿ ಸತ್ರು?"

"ಯಾರೂ ಸತ್ತಿಲ್ರಿ. ಹಿಂದಿನ ಎರಡು ಗದಿ ಒಡದು ಹೋದವು."

ಬಾಲ

ಈ ಸುದ್ದಿ ನದಿ ದಾಟುವಾಗ ಬೆಳೆಯಿತು. ಗದ್ವಾಲ ಮುಟ್ಟುವ ಹೊತ್ತಿಗೆ ನಾನು ಹಥಿಯಾರದ ಕೇಸಿನಲ್ಲಿ ಸಿಕ್ಕಿದ್ದೆ. ಮಾವನವರ ಹಠ ಇನ್ನಷ್ಟು ಬಿಗಿಯಾಯಿತು.

ಆಗ ರಾತ್ರಿ ಆಟಕ್ಕೆ ಪರವಾನಗಿ ಕೊಡುತ್ತಿರಲಿಲ್ಲ. ನಾರಾಯಣಪೇಟೆಯಲ್ಲಿ ಹಗಲೇ ಆಡಿದೆವು. ವೇಷವನ್ನು ಕೇಳದೆ ಮುಟ್ಟಬಾರದು ಎಂಬುದು ನಮ್ಮ ಕಡೆಯ ಮರ್ಯಾದೆ. ಅಲ್ಲಿಯ ಹೆಣ್ಣುಮಕ್ಕಳು ಮರ್ಯಾದಸ್ಥರು, ಪ್ರತಿಯೊಬ್ಬರೂ ಕೇಳಿಯೇ ಮುಟ್ಟಿದರು. "ಸ್ವಾಮೀ, ಬಾಲದಾಗಿನ ಒಂದ ಎಳಿ ತಗೊಳ್ಳಲೇನ್ರೀ? ತೊಟ್ಟಿಲಿಗೆ ಕಟ್ಟಿದ್ರ ಕೂಸು ಬೆಚ್ಚಂಗಿಲ್ಲಂತ." ಕೂಸಿನ ಹೆಸರೆತ್ತಿದರೆ ನಾನಿನ್ನೂ ಕಾಣದ ಮಗ ನೆನಪಾಗುತ್ತಿದ್ದ. ಯಾರಿಗೂ ಇಲ್ಲ ಎನ್ನಲಿಲ್ಲ.

ರಂಗದ ಮೇಲೆ ರಾವಣ ಮೀಸೆ ತಿರುವಿ, "ಈ ಕೋತಿಯ ಬಾಲಕ್ಕೆ ಬೆಂಕಿ ಹಚ್ಚಿರಿ" ಎಂದ. ರಾಕ್ಷಸನೊಬ್ಬ ನನ್ನ ಹಿಂದೆ ಬಂದು ಬಗ್ಗಿ ನೋಡಿ, ಹಾಗೆಯೇ ವಾಪಸು ಹೋಗಿ ಕೈ ಮುಗಿದ.

"ಮಾರಾಜ, ಬರೇ ಬೆತ್ತ ಉಳದೈತ್ರಿ. ಬಾಲ ನಾರಾಯಣಪ್ಯಾಟಿ ತೊಟ್ಟಿಲಾಗ ಐತಿ."

ಮಾವನವರ ಬೇಡಿಕೆ

ಇದನ್ನು ಹೇಳುವಾಗ ಈಗಲೂ ತಲೆ ತಗ್ಗುತ್ತದೆ. ನಮ್ಮ ಮಕ್ತಲದಲ್ಲೇ ಆಟ. ಮಗ ಅಂಬೆಗಾಲಿಡುತ್ತಿದ್ದಾನೆಂದು ಕೇಳಿದ್ದೆನೇ ಹೊರತು ಕಣ್ಣಿಂದ ಕಂಡಿರಲಿಲ್ಲ. ಮಂಗಳ ಹಾಡಿದ ಮೇಲೆ ಜನ ಸಾಲಾಗಿ ಬಂದು ವೇಷಕ್ಕೆ ನಮಸ್ಕಾರ ಮಾಡುವುದು ವಾಡಿಕೆ. ಗೆಜ್ಜೆ ಬಿಚ್ಚುವ ತನಕ ನಾವು ಸ್ವಂತ ಮಾತು ಆಡುವಂತಿಲ್ಲ. ಬಂದವರು ಏನೇ ಬೇಡಲಿ, ಕೈ ಎತ್ತಿ ತಥಾಸ್ತು ಎನ್ನಬೇಕು.

ಸಾಲಿನಲ್ಲಿ ಮಾವನವರು ಬಂದರು. ರುಮಾಲು ತೆಗೆದು, ನನ್ನ ಪಾದದ ಮೇಲೆ ಹಣೆ ಇಟ್ಟರು. ಹಿರಿಯರು, ಹೆಣ್ಣು ಕೊಟ್ಟವರು. ಹಿಂದೆ ಸರಿಯುವಂತಿಲ್ಲ, ಎಬ್ಬಿಸುವಂತಿಲ್ಲ. ಎದ್ದು ಕೈ ಮುಗಿದು, ಮೈದಾನಕ್ಕೆಲ್ಲ ಕೇಳುವಂತೆ ಬೇಡಿಕೊಂಡರು.

"ಸ್ವಾಮೀ, ಈ ಊರಾಗ ನನ್ನ ಅಳಿಯ ಒಬ್ಬ ಅದಾನ. ಭಾಳ ಒಳ್ಳೆಯವ, ನಿನ್ನ ಮ್ಯಾಲ ಭಕ್ತಿ ಐತಿ. ಆದ್ರ ಅವಗ ಕುಣಿಯಾಕ ಬರಂಗಿಲ್ಲ. ಅವ ಕುಣಿಯೋದು ನೋಡಿದ್ರ ನಿನಗ ವಾತ ಹಿಡದೈತಿ ಅನಸ್ತೈತಿ. ನಿನ್ನ ಮರ್ಯಾದಿ ಹೋಗೋದು ನೋಡಲಾರದ ಹೇಳಾಕತ್ತೀನಿ. ವೇಷ ಬಿಟ್ಟು ಮನ್ಯಾಗ ಕುಂತು ಪೂಜಿ ಮಾಡೋ ಬುದ್ಧಿ ಅವಗ ಕೊಡು. ಮಗಳನ್ನ, ಮೊಮ್ಮಗನ್ನ ನಾನ ಕರಕೊಂಡು ಬರ್ತೀನಿ."

ನಾನು ದಿಕ್ಕು ತೋಚದೆ ಮಾಸ್ತರರ ಕಡೆ ನೋಡಿದೆ. ಅವರು ತಾಳ ಕೆಳಗಿಟ್ಟು, ಕಣ್ಣು ಮುಚ್ಚಿ, ನನಗಿಂತ ಮೊದಲೇ "ತಥಾಸ್ತು" ಎಂದರು. ಮದ್ದಲೆಯವನೂ ಎಂದ. ಪರದೆಯ ಹಿಂದಿನಿಂದ ರಾವಣನೂ ಎಂದ. ಆಮೇಲೆ ಮೈದಾನದಲ್ಲಿ ಕೂತ ಊರಿಗೂರೇ ಎದ್ದು ನಿಂತು "ತಥಾಸ್ತು" ಎಂದಿತು.

ಸ್ವಾಮಿಯ ಇಚ್ಛೆ ಎಂದು ನಾನೂ ತಲೆ ತಗ್ಗಿಸಿ ಕೈ ಎತ್ತಿದೆ. ಅದೇ ವಾರ ಹೆಂಡತಿ, ಮಗ ಮನೆಗೆ ಬಂದರು. ನಾನು ರಂಗದ ಮೇಲಿರುವಾಗ ಊರೆಲ್ಲ ಎದ್ದು ನಿಂತು ಮೆಚ್ಚಿದ್ದು ಅದೊಂದೇ ಸಲ.