ಭಾವನ ದ್ವೀಪ ಮತ್ತು ತಿಂಗಳ ಖರ್ಚು

ನಮ್ಮ ಭಾವ ಕೆರಿಬಿಯನ್ ಸಮುದ್ರದ ಒಂದು ದ್ವೀಪದಲ್ಲಿ ವಾಸವಾಗಿದ್ದಾರೆ. ಅಲ್ಲಿ ಈರುಳ್ಳಿ ಏನು ರೇಟು, ಕರೆಂಟ್ ಬಿಲ್ ಎಷ್ಟು ಬರುತ್ತದೆ, ಸಮುದ್ರ ಕಾಣುವ ಮನೆಗೆ ಬಾಡಿಗೆ ಎಷ್ಟು, ಕಾಣದಿದ್ದರೂ ಸದ್ದಾದರೂ ಕೇಳುವ ಮನೆಗೆ ಎಷ್ಟು, ಎಲ್ಲ ಅವರಿಗೆ ಬಾಯಿಪಾಠ. ಅವರು ಇನ್ನೂ ಅಲ್ಲಿಗೆ ಹೋಗಿಯೇ ಇಲ್ಲ, ಪಾಸ್‌ಪೋರ್ಟಿನ ಅವಧಿ ಮುಗಿದಿದೆ, ದೇಹ ಮಾತ್ರ ಟೆಕ್ಸಸ್ಸಿನ ಆಸ್ಟಿನ್ನಿನಲ್ಲೇ ಇದೆ ಅನ್ನುವುದೆಲ್ಲ ಸಣ್ಣಪುಟ್ಟ ವಿವರ, ಬಿಡಿ!

ಭಾವ ಅಂದರೆ ನನ್ನ ಅಕ್ಕನ ಗಂಡ. ನಾವು ಮೈಸೂರಿನವರು, ಅವರು ಧಾರವಾಡದವರು. ಹೂಸ್ಟನ್ನಿನ ಎನರ್ಜಿ ಕಾರಿಡಾರ್ ಅನ್ನುವ ಬಡಾವಣೆಯ ತೈಲ ಕಂಪನಿಯೊಂದರಲ್ಲಿ ಅವರಿಗೆ ಇದ್ದದ್ದು ಒಂದೇ ಕೆಲಸ, ಇನ್ನೂ ಕಟ್ಟದ ಸ್ಥಾವರಕ್ಕೆ ಎಷ್ಟು ಖರ್ಚಾದೀತು ಎಂದು ಅಂದಾಜು ಹಾಕುವುದು. ಅವರು ಅಂದಾಜು ಹಾಕಿದ್ದರಲ್ಲಿ ಅರ್ಧಕ್ಕರ್ಧ ಕಟ್ಟಲೇ ಇಲ್ಲವಂತೆ. ಅದರ ಬೇಸರ ಅವರಿಗೆ ಕಿಂಚಿತ್ತೂ ಇಲ್ಲ. "ಅಂದಾಜು ಬರೋಬ್ಬರಿ ಇತ್ತಲ್ಲ, ಸಾಕು" ಅನ್ನುತ್ತಾರೆ. ನಿವೃತ್ತಿಯಾದ ಮೇಲೆ ಗುಡ್ಡ, ಕೆರೆ ಇರುವ ಊರು ಬೇಕೆಂದು ಅಕ್ಕ ಹಟ ಹಿಡಿದಳು, ಆಸ್ಟಿನ್ನಿಗೆ ಶಿಫ್ಟ್ ಆದರು. ನಾನಿರುವುದು ಡಲ್ಲಾಸ್ ಪಕ್ಕದ ಮೆಕಿನ್ನಿಯಲ್ಲಿ. ತಿಂಡಿ ತಿಂದು ಹೊರಟರೆ, ಟ್ರಾಫಿಕ್ ಕೃಪೆ ತೋರಿದರೆ, ಊಟದ ಹೊತ್ತಿಗೆ ಅಕ್ಕನ ಮನೆ. ಈ ದೇಶದಲ್ಲಿ ನನಗೆ ತವರು ಅಂತ ಇರುವುದು ಅವಳೊಬ್ಬಳೇ. ಅವಳನ್ನು ಈ ಮಹಾಶಯರು ಸಮುದ್ರ ದಾಟಿಸಿಬಿಟ್ಟರೆ ನಾನು ಯಾರ ಮನೆಗೆ ಹೋಗಿ ಮುನಿಸಿಕೊಳ್ಳಲಿ? ಹಾಗಾಗಿ ಈ ದ್ವೀಪದ ಮೇಲೆ ನನಗೆ ಮೊದಲಿಂದಲೂ ಕೆಟ್ಟ ಕೋಪ.

ಅಕ್ಕ ಬೈಯುವುದರಲ್ಲಿ ನಿಸ್ಸೀಮಳು. ಸುಮ್ಮಸುಮ್ಮನೆ ಬೈಯುವವಳಲ್ಲ, ಭಾವ ಕಾರಣ ಒದಗಿಸುತ್ತಾರೆ. ಹಿತ್ತಿಲಿನಲ್ಲಿ ತುಳಸಿಗೆ ನೀರು ಹಾಕಿ ಅದೇ ಕೆಸರು ಚಪ್ಪಲಿಯಲ್ಲಿ ಸೀದಾ ಅಡುಗೆಮನೆಗೆ ನಡೆದುಬಿಡುತ್ತಾರೆ. ಅಲ್ಲಿಂದ ಶುರು! ಇವತ್ತಿನ ಚಪ್ಪಲಿಯಿಂದ ಹೊರಟು, ಹೋದ ವರ್ಷದ ಚಪ್ಪಲಿ ಹಾಯ್ದು, ಮದುವೆಮನೆಯಲ್ಲಿ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದ ಪ್ರಸಂಗದವರೆಗೂ ಎಲ್ಲೂ ನಿಲ್ಲದೆ ಹೋಗುತ್ತದೆ. ಭಾವ ತಲೆ ಬಾಗಿಸಿ ಕೇಳುತ್ತಾರೆ. ಆದರೆ ಡಿಸೆಂಬರ್ ಕಳೆಯುತ್ತಿದ್ದಂತೆ ಆಸ್ಟಿನ್ನಿನ ಗುಡ್ಡಗಳ ಸೀಡರ್ ಮರಗಳು ಹಳದಿ ಪರಾಗದ ಪುಡಿ ಉದುರಿಸಲು ಶುರು ಮಾಡುತ್ತವೆ ನೋಡಿ, ಆಗ ಅಕ್ಕನ ಗಂಟಲು ಕಟ್ಟಿತು ಅಂತಲೇ ಲೆಕ್ಕ. ಸೀನು, ಕೆಮ್ಮು, ಉಬ್ಬಸ. ಮಾತ್ರೆ, ಸ್ಪ್ರೇ, ಇಂಜೆಕ್ಷನ್, ಮೆಣಸಿನ ಕಷಾಯ, ಎಲ್ಲ ಆಗಿದೆ. "ರೀ, ನಿಮಗೆ ಎಷ್ಟು ಸಲ ಹೇಳಿದ್ದೀನಿ, ಚಪ್ಪ..." ಅನ್ನುವಷ್ಟರಲ್ಲಿ ಕೆಮ್ಮು ಒತ್ತರಿಸಿ ಬರುತ್ತದೆ. ಭಾವ ಚಪ್ಪಲಿ ಕೈಯಲ್ಲಿ ಹಿಡಿದು ಅಲ್ಲೇ ನಿಂತು ಕಾಯುತ್ತಾರೆ. ಬಿಸಿನೀರು ಕೊಟ್ಟು, ಬೆನ್ನು ನೀವಿ, "ಹೂಂ, ಮುಂದ ಹೇಳು" ಅನ್ನುತ್ತಾರೆ. ಮುಂದೆ ಹೇಳಲು ಅವಳಲ್ಲಿ ಉಸಿರು ಇರುವುದಿಲ್ಲ.

"ಜನವರಿ ಪೂರ್ತಿ ನಮ್ಮನೇಲಿ ಇದ್ದುಬಿಡಿ ಭಾವ. ಮೆಕಿನ್ನಿಯಲ್ಲಿ ಈ ಸೀಡರ್ ಕಾಟ ಇಲ್ಲವೇ ಇಲ್ಲ ಅನ್ನಲ್ಲ, ಆದ್ರೆ ಎಷ್ಟೋ ಕಡಿಮೆ" ಎಂದು ಪ್ರತಿ ವರ್ಷ ಗೋಗರೆಯುತ್ತೇನೆ. ಉಹುಂ! ಹೆಂಡತಿಯ ಕಡೆಯವರ ಮನೆಯಲ್ಲಿ ಮೂರು ದಿನಕ್ಕಿಂತ ಹೆಚ್ಚು ಉಳಿಯಬಾರದು ಅನ್ನುವುದು ಅವರ ಮನೆತನದ ಕಟ್ಟಳೆ. ಅವರಪ್ಪ ಉಳಿದಿರಲಿಲ್ಲ, ಅಜ್ಜ ಉಳಿದಿರಲಿಲ್ಲ. "ನಾಲ್ಕನೇ ದಿನಕ್ಕ ಅಳಿಯಾ ಊಟಕ್ಕ ಕುಂತ್ರ ನಾಯಿನೂ ತಿರುಗಿ ನೋಡೂದಿಲ್ಲವಾ" ಎಂದು ನಾಲ್ಕನೇ ಬೆಳಿಗ್ಗೆ ಬ್ಯಾಗು ಹಿಡಿದು ಗ್ಯಾರೇಜಿನಲ್ಲಿ ನಿಂತಿರುತ್ತಾರೆ. ನಮ್ಮ ಮನೆಯಲ್ಲಿ ನಾಯಿಯೇ ಇಲ್ಲ!

ಇಂಥವರಿಗೆ ಒಂದು ದಿನ ದ್ವೀಪ ಹೊಳೆಯಿತು. ಹೊಳೆದದ್ದೇ ತಡ, ಅಂದಾಜು ಹಾಕುವ ಚಟ ಕೆರಳಿತು. ಹೂಸ್ಟನ್ನಿನಲ್ಲಿ ಹಳೆಯ ಸ್ನೇಹಿತರೆಲ್ಲ ಸೇರಿದ ಯುಗಾದಿ ಊಟದ ಪಂಕ್ತಿಯಲ್ಲೇ ತಿಂಗಳ ಖರ್ಚನ್ನು ಮಗ್ಗಿಯಂತೆ ಒಪ್ಪಿಸಿದರು. ಯಾರೋ ಒಬ್ಬರು, "ಅಲ್ಲಿ ಮೀನು ತುಂಬ ಅಗ್ಗವಂತೆ ಅಂಕಲ್. ನೀವು ವೆಜಿಟೇರಿಯನ್, ಪಾಪ, ಏನು ಲಾಭ?" ಅಂದರು.

"ಲಾಭ ಇಲ್ಲೇನು? ಅಲ್ಲಿಯವರು ಮೀನಿಗೆ ತಿಂಗಳಾ ಎಷ್ಟು ಖರ್ಚು ಮಾಡ್ತಾರ, ಅಷ್ಟೂ ನಮಗ ಉಳೀತು! ರಮ್ ಕುಡಿಯೂದಿಲ್ಲ, ಅದೂ ಉಳೀತು! ಲೆಕ್ಕಾ ಹಾಕ್ರಿ, ಅಲ್ಲೆ ಜೀವನಾ ಮಾಡಿದ್ರ ನಾವು ಸಾವಕಾರ್ ಆಗ್ತೀವಿ."

ಹೋಳಿಗೆಗೆ ತುಪ್ಪ ಬಡಿಸುತ್ತಿದ್ದ ಅಕ್ಕ ಮಿಳ್ಳೆಯನ್ನು ಹಾಗೇ ಹಿಡಿದು ನಿಂತಳು. "ಟೆಕ್ಸಸ್‌ನಲ್ಲಿ ಇಷ್ಟು ವರ್ಷದಿಂದ ಬಾರ್ಬೆಕ್ಯೂ ತಿಂದಿಲ್ಲವಲ್ಲ, ಆ ಉಳಿತಾಯ ಎಲ್ಲಿಟ್ಟಿದ್ದೀರಿ? ತೋರಿಸಿ, ಒಂದು ಜೊತೆ ಬಳೆ ಮಾಡಿಸ್ಕೋತೀನಿ." ಪಂಕ್ತಿ ಗೊಳ್ಳೆಂದಿತು. ಭಾವ ಎಲೆಯ ಕಡೆ ನೋಡುತ್ತಾ ಹೋಳಿಗೆ ಮುಗಿಸಿದರು.

ಅದೇ ಸಂಜೆ ನನ್ನನ್ನೂ ಎಳೆದುಕೊಂಡು ಒಂದು ಪುಟ್ಟ ಹೋಟೆಲಿಗೆ ಹೋದರು. ನಡೆಸುವಾಕೆ ಅದೇ ಕೆರಿಬಿಯನ್ ಕಡೆಯ ಟ್ರಿನಿಡಾಡ್‌ನವರು, ಅಜ್ಜನ ಅಜ್ಜ ಭಾರತದಿಂದ ಹೋದವನಂತೆ. ಕಡಲೆಕಾಳಿನ ಪಲ್ಯ ಸುತ್ತಿದ ಬಿಸಿಬಿಸಿ ರೊಟ್ಟಿ ಮುಂದಿಟ್ಟರು. ಭಾವ ತಿನ್ನಲಿಲ್ಲ, ವಿಚಾರಣೆ ಶುರು ಮಾಡಿದರು. ತೊಗರಿಬೇಳೆ ಸಿಗುತ್ತದೆಯೇ? ಕಾರಿಗೆ ಸುಂಕ ಎಷ್ಟು? ಫ್ಯಾನ್ ಮಾತ್ರ ಹಾಕಿಕೊಂಡರೆ ಕರೆಂಟ್ ಬಿಲ್ ಎಷ್ಟು? ಆಕೆ ಪಾಪ ತಾಳ್ಮೆಯಿಂದ ಹೇಳಿದರು. ಹಡಗಿನಲ್ಲಿ ಬರುವುದೆಲ್ಲ ದುಬಾರಿ, ಮರದಿಂದ ಬೀಳುವುದೆಲ್ಲ ಅಗ್ಗ, ಬಿರುಗಾಳಿ ಮಾತ್ರ ಪುಕ್ಕಟೆ. ಕೊನೆಗೆ ಸೊಂಟಕ್ಕೆ ಕೈಯಿಟ್ಟು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟರು, "ಅಲ್ಲಪ್ಪ, ನಾವೆಲ್ಲ ಅಲ್ಲಿಯ ಖರ್ಚು ತಡೆಯಲಾರದೆ ಇಲ್ಲಿಗೆ ಓಡಿ ಬಂದೆವು. ನೀವು ಯಾವ ಸುಖಕ್ಕೆ ಅಲ್ಲಿಗೆ ಹೋಗ್ತೀರಿ?"

ಭಾವ ಅದಕ್ಕೆ ತಿರುಗಿ, "ಜನವರಿ ತಿಂಗಳಲ್ಲಿ ಅಲ್ಲಿ ಯಾವ ಮರಗಳು ಹೂ ಬಿಡುತ್ತವೆ?" ಎಂದು ಕೇಳಿದರು. ಈರುಳ್ಳಿ ರೇಟು ಕೇಳುವ ಮನುಷ್ಯನಿಗೆ ಹೂವಿನ ಗೊಡವೆ ಯಾಕೆ? ತೋಟ ಮಾಡುವ ಹುಚ್ಚೂ ಹತ್ತಿತೇನೋ ಅಂದುಕೊಂಡು ನಾನು ಅವರ ರೊಟ್ಟಿಯನ್ನೂ ತಿಂದು ಮುಗಿಸಿದೆ.

ಸೆಪ್ಟೆಂಬರಿನಲ್ಲಿ ರಿಹರ್ಸಲ್! ಒಂದು ತಿಂಗಳು ಆಸ್ಟಿನ್ನಿನ ಮನೆಯನ್ನೇ ದ್ವೀಪ ಎಂದು ಭಾವಿಸಿ, ದ್ವೀಪದ ಖರ್ಚಿನಲ್ಲೇ ಬದುಕಿ ನೋಡುವುದಂತೆ. ಎರಡರಲ್ಲಿ ಒಂದು ಕಾರಿಗೆ ಹೊದಿಕೆ ಬಿತ್ತು. ಬೆಂಕಿ ಸುರಿಯುವ ಆ ಬಿಸಿಲಿನಲ್ಲಿ ಮಲಗುವ ಕೋಣೆಗೆ ಮಾತ್ರ ಎಸಿ. ಭಾವ ಚಡ್ಡಿ ಹಾಕಿಕೊಂಡು ಹಿತ್ತಿಲಿನಲ್ಲಿ ಹುಲ್ಲಿಗೆ ನೀರು ಚಿಮ್ಮುವ ಸ್ಪ್ರಿಂಕ್ಲರ್ ಪಕ್ಕ ಕುರ್ಚಿ ಹಾಕಿ ಕೂತರು. ಅದು ಸಮುದ್ರತೀರ. ಬೇಳೆ, ಹಿಟ್ಟು, ಹುಣಸೆಹಣ್ಣು ಅಂಗಡಿಯಿಂದ ತರುವ ಹಾಗಿಲ್ಲ, ಹಡಗು ಬಂದಾಗಲೇ ಉಂಟು. ಹಡಗು ಯಾವುದು? ನಾನು! ಮೆಕಿನ್ನಿಯಿಂದ ತಿಂಗಳ ಕೊನೆಗೆ ಒಂದೇ ಸಲ ಸಾಮಾನು ಹೇರಿಕೊಂಡು ಬರಬೇಕು. ನಡುವೆ ಸುಮ್ಮನೆ ಬಂದು ಹೋಗುವುದಕ್ಕೆ ಅಪ್ಪಣೆಯಿಲ್ಲ. "ದ್ವೀಪದಾಗ ಇದ್ರ ನೀ ವಾರಾ ವಾರಾ ಬರಾಕ ಆಗ್ತಿತ್ತೇನವಾ? ರಿಹರ್ಸಲ್ ಅಂದ್ರ ರಿಹರ್ಸಲ್!" ಅಕ್ಕ ಫೋನಿನಲ್ಲಿ, "ಆಡಲಿ ಬಿಡೇ, ಒಂದು ತಿಂಗಳು ತಾನೆ" ಅಂದಳು. ವಾರ ವಾರಕ್ಕೂ ಅವಳ ಮಾತು ಚಿಕ್ಕದಾಗುತ್ತಾ ಹೋಯಿತು.

ತಿಂಗಳ ಕೊನೆಗೆ ಹಡಗು ಬಂದರು ಸೇರಿತು. ಭಾವ ಗ್ಯಾರೇಜಿನ ಬಾಗಿಲಲ್ಲಿ ಕಸ್ಟಮ್ಸ್ ಅಧಿಕಾರಿಯ ಗತ್ತಿನಲ್ಲಿ ನಿಂತಿದ್ದರು. ಚೀಲ ಬಿಚ್ಚಿಸಿದರು, ಮೂಸಿದರು, ಕೋಡುಬಳೆ ಡಬ್ಬಿ ಸಿಕ್ಕಿದ್ದೇ, "ಇದಕ್ಕ ಸುಂಕಾ ಅದ" ಎಂದು ಒಂದು ಹಿಡಿ ತೆಗೆದು, ಒಂದನ್ನು ಬಾಯಿಗೆ ಹಾಕಿ, ಉಳಿದದ್ದನ್ನು ಜೇಬಿಗೆ ಇಳಿಸಿದರು. ನಾನು ಜಗಳಕ್ಕೆ ನಿಂತಿದ್ದಾಗ ಅಕ್ಕ ಒಳಗಿನಿಂದ ಬಂದಳು. ಬೇಳೆ ನೋಡಲಿಲ್ಲ, ಹಿಟ್ಟು ನೋಡಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡಳು. "ಬಂದ್ಯಾ?" ಅಂದಳು, ಅಷ್ಟೇ. ಅಮ್ಮನ ಕಾಯಿಲೆಯ ಸಮಯದಲ್ಲೂ ಅಳದಿದ್ದ ನನ್ನ ಅಕ್ಕ ಗ್ಯಾರೇಜಿನಲ್ಲಿ, ಅಕ್ಕಿ ಮೂಟೆಯ ಪಕ್ಕ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ನನಗೂ ತಡೆಯಲಾಗಲಿಲ್ಲ. ಭಾವ ಬಾಯಲ್ಲಿದ್ದ ಕೋಡುಬಳೆಯನ್ನು ಅಗಿಯುವುದು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡುತ್ತಾ ನಿಂತಿದ್ದರು. ಆಮೇಲೆ ಜೇಬಿನಲ್ಲಿದ್ದ ಸುಂಕವನ್ನು ಮೆಲ್ಲಗೆ ಡಬ್ಬಿಗೆ ವಾಪಸು ಹಾಕಿದರು.

ಊಟವಾದ ಮೇಲೆ ಭಾವ ನನ್ನನ್ನು ಸಮುದ್ರತೀರಕ್ಕೆ, ಅಂದರೆ ಸ್ಪ್ರಿಂಕ್ಲರ್ ಬಳಿಗೆ, ಕರೆದರು.

"ದ್ವೀಪ ಕ್ಯಾನ್ಸಲ್ ಮಾಡೀನಿ."

"ಯಾಕೆ ಭಾವ? ಖರ್ಚು ಹೆಚ್ಚಾಯ್ತಾ?"

"ಖರ್ಚು ಅಂದಾಜಿನಕಿಂತಾ ಕಡಿಮಿನ ಬಂತು. ಅಲ್ಲೆ ಜನವರಿಗೆ ಸೀಡರ್ ಇಲ್ಲವಾ, ನಿಮ್ಮಕ್ಕ ಛೊಲೋತ್ನಾಗಿ ಉಸರಾಡ್ತಾಳ ಅಂತ ನಾ ಇಷ್ಟೆಲ್ಲಾ ಕುಣದೆ. ಬ್ಯಾಳಿ ತರಸಬಹುದು, ಹಿಟ್ಟು ತರಸಬಹುದು. ನಿನ್ನ ತರಸೂದು ಭಾಳ ತುಟ್ಟಿ ಆಗ್ತದ ನೋಡು. ನಾ ನಿನ್ನ ಅಂದಾಜಿನ್ಯಾಗ ಹಿಡದಿದ್ದಿಲ್ಲ."

ಹೋಟೆಲಿನಲ್ಲಿ ಕೇಳಿದ ಆ ಹೂವಿನ ಪ್ರಶ್ನೆ ಆಗ ನೆನಪಾಯಿತು. ಅಯ್ಯೋ ದೇವರೇ, ಹೆಂಡತಿಯ ಉಸಿರಿಗಾಗಿ ಸಮುದ್ರ ದಾಟಲು ತಯಾರಿದ್ದ ಮನುಷ್ಯ, ಮೆಕಿನ್ನಿಯಲ್ಲಿ ನಾಲ್ಕನೇ ದಿನ ಉಳಿಯಲು ತಯಾರಿಲ್ಲವಲ್ಲ! ಸಿಟ್ಟೂ ಬಂತು, ಪ್ರೀತಿಯೂ ಉಕ್ಕಿತು. ಸಿಟ್ಟೇ ಮೊದಲು ಬಾಯಿಗೆ ಬಂತು. "ಭಾವ, ನಿಮ್ಮಜ್ಜನಿಗೆ ಸೀಡರ್ ಗೊತ್ತಿತ್ತಾ? ಆಸ್ಟಿನ್ ಗೊತ್ತಿತ್ತಾ? ಅವರ ಕಟ್ಟಳೆ ಹಿಡ್ಕೊಂಡು ನಮ್ಮಕ್ಕನ್ನ ಕೆಮ್ಮಿಸ್ತೀರಲ್ಲ!" ಎಂದುಬಿಟ್ಟೆ. ಅವರು ಎದ್ದು ಹೋಗಿ ಸ್ಪ್ರಿಂಕ್ಲರ್ ನಿಲ್ಲಿಸಿದರು.

ಹೊಸ ವರ್ಷದ ಮರುದಿನ ನಮ್ಮ ಮನೆಯ ಬೆಲ್ ಆಯಿತು. ಬಾಗಿಲು ತೆಗೆದರೆ ಸ್ವೆಟರ್ ಸುತ್ತಿಕೊಂಡು ಕೆಮ್ಮುತ್ತಿರುವ ಅಕ್ಕ. ಅವಳ ಹಿಂದೆ ಎರಡು ದೊಡ್ಡ ಸೂಟ್‌ಕೇಸು, ಜೋಳದ ಹಿಟ್ಟಿನ ಮೂಟೆ, ಆಸ್ಟಿನ್ನಿನ ತುಳಸಿ ಕುಂಡದ ಸಮೇತ ಭಾವ. ಹೊಸ್ತಿಲ ಆಚೆಯೇ ನಿಂತು ಗಂಟಲು ಸರಿಮಾಡಿಕೊಂಡರು.

"ಈ ದ್ವೀಪದಾಗ ಪರದೇಶದವರಿಗೆ ತಿಂಗಳ ಖರ್ಚು ಎಷ್ಟು ಬೀಳ್ತದವಾ?"

ಕಣ್ಣೊರೆಸಿಕೊಂಡು ನಾನೂ ಗತ್ತಿನಿಂದ ಹೇಳಿದೆ, "ಪರದೇಶದವರಿಗೆ ಇಲ್ಲಿ ದುಬಾರಿ ಭಾವ. ವಾರಕ್ಕೊಂದು ಸಲ ರೊಟ್ಟಿ ನೀವೇ ಬಡೀಬೇಕು. ನಮ್ಮನೆ ತಿಂಡಿಗೆ ಹೆಸರಿಡೋ ಹಾಗಿಲ್ಲ. ತಿಂಗಳು ತುಂಬೋವರೆಗೂ ವಾಪಸ್ ಟಿಕೆಟ್ ಇಲ್ಲ."

"ತುಟ್ಟಿ ಆತು" ಅಂದರು, ಒಳಗೆ ಬಂದರು.

ನಾಲ್ಕನೇ ಬೆಳಿಗ್ಗೆ ಎದ್ದು ಮೊದಲು ಗ್ಯಾರೇಜಿಗೆ ಓಡಿದೆ. ಬ್ಯಾಗೂ ಇರಲಿಲ್ಲ, ಭಾವನೂ ಇರಲಿಲ್ಲ. ಅಡುಗೆಮನೆಯಲ್ಲಿ ಮೈಗೆಲ್ಲ ಹಿಟ್ಟು ಮಾಡಿಕೊಂಡು ರೊಟ್ಟಿ ಬಡಿಯುತ್ತಿದ್ದರು!

ಅಕ್ಕನ ಕೆಮ್ಮು ದಿನದಿನಕ್ಕೂ ಇಳಿಯಿತು. ಸಂಕ್ರಾಂತಿಯ ಬೆಳಿಗ್ಗೆ ನಾನು ಹಾಲ್‌ನಲ್ಲಿ ಎಳ್ಳು ಬೆಲ್ಲದ ಪೊಟ್ಟಣ ಕಟ್ಟುತ್ತಾ ಕೂತಿದ್ದೆ. ಭಾವ ತುಳಸಿಗೆ ನೀರು ಹಾಕಿ ಹಿತ್ತಿಲಿನಿಂದ ಬಂದವರು, ಕೆಸರು ಚಪ್ಪಲಿಯಲ್ಲೇ ನನ್ನ ಅಡುಗೆಮನೆ ಹೊಕ್ಕರು. ಅಕ್ಕ ಅಲ್ಲೇ ಇದ್ದಳು. ಶುರುವಾಯಿತು ನೋಡಿ! ಇವತ್ತಿನ ಚಪ್ಪಲಿ, ಹೋದ ವರ್ಷದ ಚಪ್ಪಲಿ, ತಂಗಿಯ ಮನೆಯಲ್ಲಾದರೂ ಮಾನ ಉಳಿಸಬಾರದೇ ಎಂಬ ಹೊಸ ಸೇರ್ಪಡೆ, ಅಲ್ಲಿಂದ ಮದುವೆಮನೆಯ ಚಪ್ಪಲಿಯವರೆಗೂ ಒಂದು ಕೆಮ್ಮಿಲ್ಲ, ಒಂದು ಸೀನಿಲ್ಲ. ಭಾವ ಚಪ್ಪಲಿ ಕೈಯಲ್ಲಿ ಹಿಡಿದು ಹಾಲ್‌ಗೆ ಬಂದರು. ನಾನು ಬಾಯಿ ತೆರೆಯುವುದರೊಳಗೆ ಕೈ ಎತ್ತಿ, "ಸುಮ್ನಿರು, ಕೇಳು" ಎಂದು ಸನ್ನೆ ಮಾಡಿದರು. ಒಳಗೆ ಬೈಗುಳ ಮುಗಿಯುವವರೆಗೂ ಕಣ್ಣು ಮುಚ್ಚಿ ನಿಂತಿದ್ದರು. ಕಣ್ಣು ತೆರೆದಾಗ ಒದ್ದೆಯಾಗಿದ್ದವು.

"ಒಂದ ಉಸರಿನ್ಯಾಗ ಬೈದಳು ನೋಡವಾ ನಿಮ್ಮಕ್ಕ" ಅಂದರು.

ಅಂದವರೇ ಬಗ್ಗಿ, ಕೈಯಲ್ಲಿದ್ದ ಚಪ್ಪಲಿಗಳನ್ನು ನೆಲಕ್ಕಿಟ್ಟು, ಮತ್ತೆ ಕಾಲಿಗೆ ಮೆಟ್ಟಿಕೊಂಡು ಅಡುಗೆಮನೆಯ ಕಡೆಗೆ ಹೊರಟರು.