ನಮ್ಮ ಮಾವ ಕಮಿಷನ್ ಕೊಡುವ ರೀತಿ

ಬಾಕಿ ವಸೂಲಿಗೆ ಊರೂರು ಅಲೆಯುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ದುಡ್ಡು ಕೊಡುವುದಕ್ಕೆಂದೇ ಊರೂರು ಅಲೆಯುವವರನ್ನು ನೋಡಿದ್ದೀರಾ? ಹಾಗಾದರೆ ತಮಿಳುನಾಡಿನ ಕಂಬಂಗೆ ಬಂದು, ತಮಿಳು ಬೆರೆತ ಕನ್ನಡದ ನಮ್ಮ ಸೋದರಮಾವನನ್ನು ನೋಡಿ!

ಮಾವನದು ಟೈಲ್ಸ್ ಅಂಗಡಿ. ನಾನು ಹತ್ತಿರದ ತೇನಿಯಲ್ಲಿ ಮೇಷ್ಟ್ರು. ಭಾನುವಾರ ಹೋಗಿ ಬಿಲ್ಲು ಬರೆದುಕೊಡುತ್ತೇನೆ. ಈ ವ್ಯಾಪಾರದಲ್ಲಿ ಗಿರಾಕಿಯನ್ನು ಕರೆತರುವವನು ಮೇಸ್ತ್ರಿ. ಬಿಲ್ಲಾದ ಮೇಲೆ ಅವನ ಕಮಿಷನ್ ಹಿಂಬಾಗಿಲಲ್ಲಿ ಅವನ ಕೈಸೇರುವುದು ಎಲ್ಲ ಕಡೆಯ ರೂಢಿ. ಮಾವನ ಧರ್ಮಶಾಸ್ತ್ರವೇ ಬೇರೆ. ಯಾರ ಮಾತು ಕೇಳಿ ಗಿರಾಕಿ ಬಂದನೋ ಕಮಿಷನ್ ಅವರಿಗೇ ಸೇರಬೇಕು. ಮೇಸ್ತ್ರಿ ಹೇಳಿದ್ದರೆ ಮೇಸ್ತ್ರಿಗೆ. ಸುಮ್ಮನೆ ಜೊತೆಗೆ ಬಂದಿದ್ದರೆ ಒಂದು ಕಾಫಿ ಮಾತ್ರ.

ಹೀಗಾಗಿ ದುಡ್ಡು ಎಣಿಸುವ ಮೊದಲೇ ವಿಚಾರಣೆ ಶುರು. "ಯಾರ್ ಯೇಳಿ ಬಂದಿರಿ?" ಒಬ್ಬ ಗಿರಾಕಿ, ಶೇರ್ ಆಟೋದವನು ಹೇಳಿದ ಎಂದ. ಯಾವ ಆಟೋ ಎಂದರೆ, ಹಳದಿ ಆಟೋ ಎಂದ. ನಮ್ಮೂರಲ್ಲಿ ಹಳದಿಯಲ್ಲದ ಆಟೋ ಯಾವುದಿದೆ ಸ್ವಾಮಿ? ಮಾವ ಎರಡು ದಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅವನನ್ನು ಪತ್ತೆಹಚ್ಚಿ ಕವರ್ ಚಾಚಿದರು. ಅವನು ಯಾವುದೋ ಕೇಸಿನ ನೋಟೀಸೆಂದು ಹೆದರಿ, ಆಟೋ ಅಲ್ಲೇ ಬಿಟ್ಟು ಓಡಿದನಂತೆ.

ಇನ್ನೊಮ್ಮೆ ಒಬ್ಬ ದ್ರಾಕ್ಷಿ ತೋಟದವರು ನಗುತ್ತಾ, "ಎದುರಂಗಡಿಯವ್ರು ಆ ಹುಚ್ಚು ಪೈತ್ಯಗಾರನ ಅಂಗಡೀಗ್ ಮಾತ್ರ ಹೋಗ್ಬೇಡಿ ಅಂದ್ರು. ಅದ್ಕೇ ನೋಡೋಣಾಂತ ಬಂದೆ" ಎಂದರು. ಮಾವ ಕವರ್ ಹಿಡಿದು ಎದುರಂಗಡಿಗೇ ನಡೆದರು. ನಾನು ತಡೆದರೆ, "ಆಂವ ಯೇಳ್ದೆ ಇದ್ದಿದ್ರೆ ಇವ್ರು ಬರ್ತಿದ್ರಾ, ಮಾಪ್ಳೆ?" ಎಂದು ಅಳಿಯನಾದ ನನ್ನನ್ನೇ ಕೇಳಿದರು. ಎದುರಂಗಡಿಯವರು ಆ ಕವರನ್ನು ವಾಪಸ್ಸೇನೂ ಮಾಡಲಿಲ್ಲ.

ಈ ನ್ಯಾಯದಿಂದ ಮೇಸ್ತ್ರಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ಹಿಡಿದರು. ಅತ್ತೆಗೆ ಅದೇ ಚಿಂತೆ. "ಮೇಸ್ತ್ರಿಗಳ್ನೆಲ್ಲ ಪಗೆ ಮಾಡ್ಕೊಂಡು ಅಂಗಡಿ ನಡ್ಸಕ್ಕಾಗ್ತದಾ? ನಿಮ್ ನ್ಯಾಯಾನ ಒಲೆ ಮ್ಯಾಲಿಟ್ಟು ಬೇಯಿಸ್ಲಾ?" ಎಂದು ದಿನಾ ಬೈಯುತ್ತಿದ್ದರು. ನಮ್ಮ ಕಡೆಯ ಯಾವ ಮದುವೆಗೆ ಹೋದರೂ ಅವರಿಗೆ ಗಂಡನ ವ್ಯಾಪಾರದ ದೂರೇ ದೂರು. ಮಾವ ಮಾತ್ರ ತಲೆ ತಗ್ಗಿಸಿ ಉಂಡು, ಮಾರನೆ ದಿನ ಮತ್ತೆ ಯಾರಿಗೋ ಕವರ್ ಕೊಡಲು ಹೊರಡುವರು.

ಹೋದ ವರ್ಷ ಅತ್ತೆ ತೀರಿಕೊಂಡರು. ಹದಿನೈದು ದಿನ ಕಳೆದು ಮಾವ ಅಂಗಡಿ ತೆರೆದರು. ಬೈಯುವವರಿಲ್ಲದಿದ್ದರೂ ಪ್ರಶ್ನೆ ನಿಲ್ಲಲಿಲ್ಲ.

ಮೊನ್ನೆ ಭಾನುವಾರ ಬೋಡಿಯಿಂದ ನಮ್ಮವರೇ ಒಬ್ಬ ಹೆಂಗಸು ಬಂದರು. ಏಲಕ್ಕಿ ವ್ಯಾಪಾರದ ಮನೆಯವರು. ಇಡೀ ಮನೆಗೆ ಬೇಕಾದ ಟೈಲ್ಸ್ ತೆಗೆದುಕೊಂಡರು. ಮಾವ ಎಂದಿನಂತೆ ಕೇಳಿದರು.

"ನಿಮ್ ಮನೆಯವ್ರೇ ಅಣ್ಣ," ಎಂದರು ಆಕೆ. "ಒಂದ್ ಮದ್ವೇಲಿ ಸಿಕ್ಕಿದ್ರು. ಮನೆ ಕಟ್ಟಿದ್ರೆ ನಮ್ಮನೆಯವ್ರ ಅಂಗಡೀಲೇ ತಕ್ಕೋ, ಆಂವ ಪೈತ್ಯ, ಆದ್ರೆ ಒಂದ್ ಬಿರುಕು ಬಿಟ್ಟ ಟೈಲ್ಸೂ ನಿನ್ ಮನೇಗ್ ಬರಕ್ ಬಿಡಾಕಿಲ್ಲ ಅಂದ್ರು. ಯಾರ್ ಸಿಕ್ಕಿದ್ರೂ ಅವ್ರು ಅದನ್ನೇ ಯೇಳೋರು, ಅಂಗಡೀಲಿ ನನ್ ಹೆಸ್ರು ಮಾತ್ರ ಯೇಳ್ಬೇಡಿ ಅನ್ನೋರು."

ಆಕೆಯ ಕಾರು ಹೋಯಿತು. ಮಾವ ಲೆಕ್ಕ ಹಾಕಿ ದುಡ್ಡನ್ನು ಕವರಿಗೆ ಹಾಕಿ, ಮೇಲೆ ಅತ್ತೆಯ ಹೆಸರು ಬರೆದರು. ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೂ ಹೋದರು. ಅಲ್ಲಿ ನಿಂತುಬಿಟ್ಟರು.

ನಾನು ಹತ್ತಿರ ಹೋಗಿ ಅವರ ಕೈ ಹಿಡಿದೆ. ಮಾವ ಅಳುತ್ತಿದ್ದರು.

"ಎಲ್ಲಾರ್ನೂ ತೇಡಿ ಹುಡ್ಕಿ ಕೊಟ್ಟೆ, ಮಾಪ್ಳೆ," ಎಂದರು. "ಇವಳ್ ಒಬ್ಬಳ್ನ, ನೀನೂ ಯಾರ್ಗಾದ್ರೂ ಯೇಳಿದ್ಯಾ ಅಂತ ಒಂದಿನಾನೂ ಕೇಳ್ಲಿಲ್ಲ."