ಅಳಿಸಲು ಬಾರದ ಇಪ್ಪತ್ತಾರು ಸಾಲು

ಬಸವಕಿರಣನ ಆ ದಿನದ ರಗಳೆಗೆಲ್ಲ ಕಾರಣ ಒಂದು ಟಿಕ್ ಗುರುತು. ‘ಬರೆದದ್ದನ್ನು ಏಳು ವರ್ಷ ಯಾರೂ ಅಳಿಸದಂತೆ ಬೀಗ ಹಾಕಬೇಕೆ?’ ಎಂದು ತಿಂಗಳ ಹಿಂದೆ ಕಂಪ್ಯೂಟರು ಕೇಳಿತ್ತು. ಮದುವೆಮನೆಯಲ್ಲಿ ಇನ್ನೊಂದು ಹೋಳಿಗೆ ಹಾಕಲೇ ಎಂದಾಗ ತಲೆಯಾಡಿಸುವ ಹಾಗೆ, ಅವನು ಹಿಂದೆಮುಂದೆ ನೋಡದೆ ಹೌದು ಎಂದು ಒತ್ತಿಬಿಟ್ಟಿದ್ದ.

ಅವನಿದ್ದದ್ದು ತೆಲುಗು ನಾಡಿನ ಕೂಕಟ್‌ಪಲ್ಲಿಯಲ್ಲಿ, ಸೀರೆ ಅಂಗಡಿಯೊಂದರ ಮೇಲಿನ ಮಹಡಿಯ ಒಂಬತ್ತು ಜನರ ಕಂಪನಿಯಲ್ಲಿ. ಔಷಧ ಕಾರ್ಖಾನೆಗಳ ಶೀತಕೋಣೆಯ ಬಾಗಿಲಿಗೆ ಅಂಟಿಸುವ, ಬೆಂಕಿಪೊಟ್ಟಣದಷ್ಟು ಡಬ್ಬಿಯನ್ನು ಅವರು ತಯಾರಿಸುತ್ತಿದ್ದರು. ಬಾಗಿಲು ತೆರೆದರೆ ಒಂದು ಸಾಲು ದಾಖಲೆ, ಮುಚ್ಚಿದರೆ ಇನ್ನೊಂದು. ಮೂರು ನಿಮಿಷ ತೆರೆದೇ ಇದ್ದರೆ ಫೋನು ಕಿರುಚುತ್ತಿತ್ತು. ಈ ಸಾಲುಗಳನ್ನು ಕ್ಲೌಡಿನಲ್ಲಿ ಎಂಥ ಉಗ್ರಾಣದಲ್ಲಿ ಇಡಬೇಕು ಎಂಬುದೇ ಆಫೀಸಿನಲ್ಲಿ ತಿಂಗಳಿನಿಂದ ನಡೆದಿದ್ದ ಜಗಳ. ಪಕ್ಕದ ಮೇಜಿನ ಕೃಪಾಗೆ ಕಾಲಂ, ಕೊಂಡಿ ಎಲ್ಲ ಇರುವ, ಬೇಕೆಂದಾಗ ತಿದ್ದಬಹುದಾದ ಡೇಟಾಬೇಸು ಬೇಕು. ಬಸವಕಿರಣನಿಗೆ ಅದು ಸುತರಾಂ ಒಪ್ಪಿಗೆಯಿಲ್ಲ.

“ಬಾಗಲಾ ತೆರೀತು ಅಂದ್ರ ತೆರೀತು, ಅಷ್ಟ. ನಿನ್ನಿ ತೆರೆದದ್ದಕ್ಕೂ ಇವತ್ತ ತೆರೆದದ್ದಕ್ಕೂ ಏನರ ಬೀಗತನ ಐತೇನು? ಒಂದರ ಕೆಳಗ ಒಂದು ಬರಕೊಂತ ಹೋಗೋದು. ತಿದ್ದೋ ಮಾತ್ಯಾಕ?” ಎಂದು ಅವನು ದಿನಾ ಉಪನ್ಯಾಸ ಕೊಡುತ್ತಿದ್ದ. ಸಾದಾ ಕಡತಗಳನ್ನು ಪೇರಿಸುತ್ತ ಹೋಗುವ ಉಗ್ರಾಣ ಸಾಕು, ಅದಕ್ಕೊಂದು ಗಟ್ಟಿ ಬೀಗ ಬೇಕು ಎಂಬುದು ಅವನ ವಾದ. ಕಾರ್ಖಾನೆಯವರು ಇನ್ನೂ ತಮ್ಮ ಬಾಗಿಲು ಮುಟ್ಟಗೊಡದ ಕಾರಣ, ಪರೀಕ್ಷೆಗೆಂದು ಒಂದು ಡಬ್ಬಿಯನ್ನು ತನ್ನ ಮನೆಯ ಫ್ರಿಜ್ಜಿಗೇ ಅಂಟಿಸಿದ್ದ.

ಆ ದಿನ ಮಧ್ಯಾಹ್ನ ಪಟಾನ್‌ಚೆರುವಿನ ಔಷಧ ಕಾರ್ಖಾನೆಯವರು ಬಂದು ಯಾವ ಉಗ್ರಾಣ ಎಂದು ತೀರ್ಮಾನಿಸುವವರಿದ್ದರು. ಬೆಳಿಗ್ಗೆ ಅವನು ಉಪ್ಪಿಟ್ಟಿಗೆ ಕೈ ಹಾಕುವಷ್ಟರಲ್ಲಿ ಹೆಂಡತಿ ಶಿವದೇವಿ ಒಂದು ಕಾಗದ ತಂದು ತಟ್ಟೆಯ ಪಕ್ಕದಲ್ಲಿಟ್ಟಳು. ಅದು ಅವನ ತಾಯಿ ಗದಿಗೆಮ್ಮನ ರಕ್ತಪರೀಕ್ಷೆಯ ವರದಿ.

“ಅತ್ತಿಯವರ ಸಕ್ರಿ ಎರಡನೂರಾ ನಲವತ್ತಕ್ಕ ಹೋಗೇತಿ ನೋಡ್ರಿ. ಮನ್ಯಾಗ ಯಾರೂ ಸಿಹಿ ಕೊಡಂಗಿಲ್ಲ. ಫ್ರಿಜ್ಜಿನಾಗ ಪೇಡೆ ಐತಿ. ನಿಮ್ಮ ಡಬ್ಬಿ ಏನ್ ಹೇಳ್ತೈತಿ, ಓದ್ರಿ.”

ತನ್ನ ಕೆಲಸದ ಬಗ್ಗೆ ಹೆಂಡತಿ ಮೊದಲ ಸಲ ಆಸಕ್ತಿ ತೋರಿಸಿದ ಖುಷಿಯಲ್ಲಿ ಬಸವಕಿರಣ ಫೋನು ತೆಗೆದು ಗಟ್ಟಿಯಾಗಿ ಓದಿದ. ಮೂವತ್ತು ದಿನಗಳಲ್ಲಿ ಇಪ್ಪತ್ತಾರು ದಿನ, ಮಧ್ಯಾಹ್ನ ಮೂರರ ಸುಮಾರಿಗೆ, ಬಾಗಿಲು ನಾಲ್ಕೈದು ನಿಮಿಷ ತೆರೆದಿತ್ತು.

“ಗೊತ್ತೈತಿ ಬಿಡು,” ಎಂದ. “ದಿನಾ ಫೋನ್ ಒದರ್ತೈತಿ, ನಾನ ಅವ್ವಗ ಫೋನ್ ಮಾಡಿ ಮುಚ್ಚು ಅಂತ ಹೇಳ್ತೀನಿ. ಬಾಗಲದ ರಬ್ಬರ್ ಸಡ್ಲ ಆಗೇತಂತ.”

“ರಬ್ಬರ್ ಬರೋಬ್ಬರಿ ಮೂರಕ್ಕ ಸಡ್ಲ ಆಗ್ತೈತೇನ್ರಿ? ಆ ಉಳಿದ ನಾಕು ದಿನ ಯಾವು ನೋಡ್ರಿ. ನಾವೆಲ್ಲಾ ಮನ್ಯಾಗ ಇರೋ ಐತವಾರ!”

ಒಳಗಿನಿಂದ ಗದಿಗೆಮ್ಮ ಬಂದಳು. ಮಗನ ಮುಖ ನೋಡಿದಳು, ಫೋನು ನೋಡಿದಳು, ಕುರ್ಚಿಯ ಮೇಲೆ ಕುಸಿದಳು.

“ಮೂವತ್ತೆಂಟು ವರ್ಷ ಈ ಕೈಲೆ ನಿನಗ ಉಣಿಸೀನಿ. ಈಗ ಒಂದು ಡಬ್ಬಿ ಮಾತು ಕೇಳಿ ನನ್ನ ಕಳ್ಳಿ ಅಂತೀರಿ?”

ಹೆಪ್ಪಿಗೆ ಮೊಸರು ಕೇಳಲು ಬಂದಿದ್ದ ಎದುರುಮನೆಯ ಸುಂದರಾಬಾಯಿ ಬಟ್ಟಲು ಹಿಡಿದುಕೊಂಡೇ ನ್ಯಾಯಾಧೀಶೆಯಾದರು. “ಅರೇ, ಫ್ರಿಜ್ಜಿಗ್ಯಾಕಪ್ಪಾ ಪೊಲೀಸು? ವಯಸ್ಸಾದ ಜೀವ, ಒಂದು ಪೇಡೆ ತಿಂದರ ಆಸ್ಮಾನ್ ಬಿದ್ದೀತೇನು?”

“ನಾ ತಿಂದೇ ಇಲ್ಲ!” ಎಂದಳು ಗದಿಗೆಮ್ಮ.

“ಹಂಗಾದ್ರ ಬಾಗಲಾ ಯಾಕ ತೆರೀತಿ ಅವ್ವಾ?” ಎಂದ ಬಸವಕಿರಣ.

ಗದಿಗೆಮ್ಮ ಸೊಸೆಯ ಕಡೆ ಒಮ್ಮೆ, ಮಗನ ಕಡೆ ಒಮ್ಮೆ ನೋಡಿ ಬಾಯಿ ಬಿಗಿದುಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು ತೀರ್ಪು ಕೊಟ್ಟಳು. “ಆ ಬರದದ್ದು ಅಳಸು. ಅಳಸೂ ತನಕ ನಾ ತುತ್ತು ಮುಟ್ಟಂಗಿಲ್ಲ.”

“ಅಳಸಾಕ ಬರಂಗಿಲ್ಲವ್ವಾ. ಏಳು ವರ್ಷ ಬೀಗ ಐತಿ.”

“ಬೀಗ ಹಾಕಿದಾಂವ ಯಾರು?”

ಉತ್ತರ ಎಲ್ಲರಿಗೂ ಗೊತ್ತಿತ್ತು.

ಬಸವಕಿರಣ ಮೆಟ್ರೊ ಹತ್ತಿದಾಗ ಹೊಟ್ಟೆಯಲ್ಲಿ ಉಪ್ಪಿಟ್ಟೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. ತಾಯಿ ಆಗಲೇ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿಯಾಗಿತ್ತು. ಗುಳಿಗೆ ನುಂಗಿ ಉಪವಾಸ ಕೂತರೆ ತಲೆ ತಿರುಗಿ ಬೀಳುತ್ತಾಳೆ ಎಂದು ಡಾಕ್ಟರು ಎಷ್ಟೋ ಸಲ ಎಚ್ಚರಿಸಿದ್ದರು. ಶಿವದೇವಿ ಶಾಲೆಗೆ ಪಾಠ ಮಾಡಲು ಹೋಗಲೇಬೇಕು. ಸುಂದರಾಬಾಯಿ ಮಾತ್ರ, “ನಾ ಅದೀನಲ್ಲ, ನೋಡಿಕೊಳ್ತೀನಿ,” ಎಂದು ಮಾತು ಕೊಟ್ಟಿದ್ದರು.

ಆಫೀಸಿಗೆ ಬಂದವನೇ ಕೃಪಾಳ ಮೇಜಿನ ಬಳಿ ನಿಂತು, ದನಿ ತಗ್ಗಿಸಿ ಕೇಳಿದ. “ಕೃಪಾ, ಬರದದ್ದು ಅಳಸಾಕ ಏನರ ದಾರಿ ಐತೇನು?”

ಬೀದರಿನ ಕೃಪಾ ಕುರ್ಚಿಯನ್ನು ಗರ್ರನೆ ತಿರುಗಿಸಿದಳು. ತಿಂಗಳಿನಿಂದ ಕಾದಿದ್ದ ಹಬ್ಬ ಅವಳಿಗೆ ಅವತ್ತು ಬಂದಿತ್ತು. “ಇನ್ನೊಮ್ಮೆ ಹೇಳ್ರಿ, ಕಿವಿ ತುಂಬ ಕೇಳ್ತೀನಿ! ತಿದ್ದೋ ಮಾತ್ಯಾಕ ಅಂತಿದ್ರಲ್ಲಾ?”

ಅವನು ಎಲ್ಲ ಹೇಳಿಕೊಂಡ. ಗದಿಗೆಮ್ಮ ಉಪವಾಸ ಎಂದು ಕೇಳಿದ ಮೇಲೆ ಕೃಪಾಳ ನಗು ಅರ್ಧಕ್ಕೆ ನಿಂತಿತು. “ನೋಡ್ರಿ, ಅಳಸಾಕಂತೂ ಆ ಕ್ಲೌಡ್ ಕಂಪನಿ ಮಾಲಕನಿಗೂ ಆಗಂಗಿಲ್ಲ. ಆದ್ರ ಕೆಳಗ ಹೊಸಾ ಸಾಲು ಸೇರಿಸಬಹುದು. ‘ಮ್ಯಾಲಿಂದು ಹಿಂಗಲ್ಲ, ಹಂಗ’ ಅಂತ ಒಂದು ತಿದ್ದುಪಡಿ ಬರೀರಿ. ಹಳೇದು ಹಂಗ ಇರ್ತೈತಿ, ಹೊಸಾದು ಅದರ ಮಾನ ಕಾಯ್ತೈತಿ.”

ಬಸವಕಿರಣ ಕೂತು ಒಂದೊಂದೇ ಬರೆದ. ‘ಈ ದಿನ ಮೂರು ಗಂಟೆಗೆ ಬಾಗಿಲು ತೆರೆದವನು ನಾನು. ಪರೀಕ್ಷೆಗಾಗಿ ತೆರೆದೆ. ಬಸವಕಿರಣ.’ ಹೀಗೆ ಇಪ್ಪತ್ತಾರು ಸಲ. ಸುಳ್ಳು ಬರೆಯುವಾಗಲೂ ದಿನಾಂಕ ತಪ್ಪದಂತೆ ಎರಡೆರಡು ಸಲ ನೋಡಿಕೊಂಡ. ಆಮೇಲೆ ಅದರ ಚಿತ್ರ ತೆಗೆದು ಹೆಂಡತಿಗೂ ಸುಂದರಾಬಾಯಿಗೂ ಕಳಿಸಿದ. ಅರ್ಧ ಗಂಟೆಯಲ್ಲಿ ಸುಂದರಾಬಾಯಿಯ ಉತ್ತರ ಬಂತು. ‘ಓದಿ ಹೇಳಿದೆ. ಎರಡು ರೊಟ್ಟಿ ಉಂಡರು.’ ಹೆಂಡತಿಯಿಂದ ಏನೂ ಬರಲಿಲ್ಲ. ಬಸವಕಿರಣನಿಗೆ ಅಷ್ಟೇ ಸಾಕಾಯಿತು. ಎರಡು ರೊಟ್ಟಿ ತಾನೇ ಉಂಡಂತೆ ನಿಟ್ಟುಸಿರು ಬಿಟ್ಟ.

ಎರಡೂವರೆಗೆ ಕಾರ್ಖಾನೆಯ ಗುಣಮಟ್ಟದ ಮುಖ್ಯಸ್ಥ ಅರವಿಂದ್ ಬಂದರು. ಮಂಡ್ಯದ ಕಡೆಯವರು, ಪಟಾನ್‌ಚೆರುವಿನಲ್ಲಿ ಹದಿನೈದು ವರ್ಷ. ತೂಕದ ಯಂತ್ರದ ಹಾಗೆ ಅಲ್ಲಾಡದೆ ಕೂರುವ ಮನುಷ್ಯ. ಕಂಪನಿಯ ಯಜಮಾನ ವೆಂಕಟೇಶ ಮೂರು ಭಾಷೆಗಳಲ್ಲಿ ಸ್ವಾಗತ ಕೋರಿ ಬಸವಕಿರಣನನ್ನು ಮುಂದೆ ತಳ್ಳಿದರು.

ಅವನು ಚೆನ್ನಾಗಿಯೇ ಮಾತಾಡಿದ. ಸಾಲುಗಳಿಗೆ ಒಂದಕ್ಕೊಂದು ನಂಟಿಲ್ಲ, ಅದಕ್ಕೇ ಕೊಂಡಿಗಳ ಡೇಟಾಬೇಸು ದಂಡ. ಯಾವ ಬಾಗಿಲು, ಯಾವ ದಿನ ಎಂದು ಹುಡುಕಿದರೆ ಸಿಕ್ಕರೆ ಸಾಕು. ಸೇರಿಸಬಹುದು, ತೆಗೆಯಲಾಗದು. ಅರವಿಂದ್ ತಲೆದೂಗಿದರು.

“ಸರಿ. ನಿಜವಾದ ದಾಖಲೆ ಒಂದು ತೋರಿಸಿ ನೋಡೋಣ.”

ಪರದೆಯ ಮೇಲೆ ಮನೆಯ ಫ್ರಿಜ್ಜು ಬಂತು. ಅದರ ಬಾಲಕ್ಕೆ ಇಪ್ಪತ್ತಾರು ತಿದ್ದುಪಡಿಗಳೂ ಬಂದವು.

“ಇದೇನಿದು? ಬಸವಕಿರಣ ಅಂದ್ರೆ ನೀವೇ ಅಲ್ವಾ?”

“ನಾನ ರೀ.”

“ದಿನಾ ಮೂರು ಗಂಟೆಗೆ ನೀವು ಮನೇಲಿದ್ರಾ?”

“ಹೂಂ… ಪರೀಕ್ಷೆಗೆ.”

ಅರವಿಂದ್ ಕನ್ನಡಕ ಏರಿಸಿ ಪರದೆಯ ಹತ್ತಿರ ಬಂದರು. “ಹನ್ನೆರಡನೇ ತಾರೀಖು ಮೂರು ಗಂಟೆಗೆ ನೀವು ನಮ್ಮ ಕಾರ್ಖಾನೇಲಿ ಕೂತು ನನ್ನ ಜೊತೆ ಟೀ ಕುಡೀತಿದ್ರಲ್ರೀ. ಫೋನ್ ಬಂತು ಅಂತ ಎದ್ದೂ ಹೋದ್ರಿ.”

ವೆಂಕಟೇಶರು ಮೂರೂ ಭಾಷೆ ಮರೆತವರಂತೆ ಕೂತರು. ಬಸವಕಿರಣ ಬಾಯಿ ತೆರೆಯುವಷ್ಟರಲ್ಲಿ ಅವನ ಫೋನು, ಕಾಲು ತುಳಿಸಿಕೊಂಡ ಬೆಕ್ಕಿನಂತೆ ಕಿರುಚಿತು. ಪರದೆಯ ಮೇಲೆ ಹೊಸ ಸಾಲು ಮೂಡಿತು. ಮನೆಯ ಫ್ರಿಜ್ಜು, ಬಾಗಿಲು ತೆರೆದಿದೆ, ಗಂಟೆ ಮೂರು ದಾಟಿ ನಾಲ್ಕು ನಿಮಿಷ.

ಎಲ್ಲರೂ ಪರದೆ ನೋಡಿದರು. ಆಮೇಲೆ ಅವನನ್ನು ನೋಡಿದರು. ಬಾಗಿಲು ತೆರೆಯುವವನು ಎದುರಿಗೇ ನಿಂತಿದ್ದ.

“ಫೋನ್ ಮಾಡಿ,” ಎಂದರು ಅರವಿಂದ್. “ದಿನಾ ಏನ್ಮಾಡ್ತೀರೋ ಅದನ್ನೇ ಮಾಡಿ.”

ಅವಸರದಲ್ಲಿ ಬೆರಳು ಸ್ಪೀಕರಿಗೆ ತಾಗಿ, ತಾಯಿಯ ದನಿ ಕೋಣೆಗೆಲ್ಲ ಕೇಳಿಸಿತು.

“ಹಲೋ, ಕಿರಣಾ? ಬಂತಪ್ಪಾ ನಿನ್ನ ಫೋನು! ಮುಂಜಾನೆ ಮಾರಿ ಉಬ್ಬಿಸಿಕೊಂಡು ಹೋದಿ. ಇವತ್ತ ಬರ್ತೈತೋ ಇಲ್ಲೋ ಅಂತ ಬಾಗಲಾ ಪೂರಾ ಅಗಲ ತೆರೆದು ಕೂತೀನಿ.”

“ತೆರೆದು ಕೂತೀಯಾ? ಯಾಕವ್ವಾ?”

“ಮತ್ತ? ತೆರೆದ್ರ ತಾನ ನೀ ಫೋನ್ ಮಾಡಾಂವ?” ಗದಿಗೆಮ್ಮ ದನಿ ಸಣ್ಣದು ಮಾಡಿದಳು. “ಮೊದಲನೇ ದಿನ ಖರೇನ ಮರೆತಿದ್ದೆ. ನೀ ಫೋನ್ ಮಾಡಿದಿ. ಮುಚ್ಚವ್ವಾ ಅಂದಿ, ಉಂಡೇನು ಅಂದಿ. ನಿಮ್ಮಪ್ಪ ಹೋದಮ್ಯಾಲ ಮಧ್ಯಾಹ್ನದಾಗ ಯಾರೂ ಹಂಗ ಕೇಳಿದ್ದಿಲ್ಲ. ಎರಡನೇ ದಿನ ಬೇಕಂತ ತೆರೆದೆ. ಬಂತು. ಕುರ್ಚಿ ಹಾಕ್ಕೊಂಡು ತಂಪಿನಾಗ ಕುಂತಿರ್ತೀನಿ. ಪೇಡೆ ಮುಟ್ಟಿಲ್ಲಪ್ಪಾ, ನಿನ್ನಾಣಿ.”

“ಮುಂಜಾನೆ ಯಾಕ ಹೇಳಲಿಲ್ಲ ಅವ್ವಾ?”

“ಸೊಸಿ ಮುಂದ ಹೆಂಗ ಹೇಳಲೋ? ನಾಚಿಕಿ ಬರ್ತೈತಿ.”

ಕೃಪಾ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. ಆಗ ಬಸವಕಿರಣನಿಗೆ ವರದಿಯ ನೆನಪಾಯಿತು.

“ಅಲ್ಲವ್ವಾ, ಪೇಡೆ ಮುಟ್ಟಿಲ್ಲಂದ್ರ ಸಕ್ರಿ ಹೆಂಗ ಏರ್ತು?”

ಆ ಕಡೆ ಫ್ರಿಜ್ಜಿನ ಬಾಗಿಲು ಧಪ್ಪನೆ ಮುಚ್ಚಿದ ಸದ್ದು ಕೇಳಿತು.

“ಸುಂದರಾಬಾಯಿ ಭಾಳ ಛೊಲೋ ಬುಂದೇ ಉಂಡಿ ಮಾಡ್ತಾಳ. ಅವರ ಫ್ರಿಜ್ಜಿಗೆ ಡಬ್ಬಿ ಇಲ್ಲಲ್ಲ,” ಎಂದು ಗದಿಗೆಮ್ಮ ಫೋನಿಟ್ಟಳು.

ಅಲ್ಲಾಡದ ಅರವಿಂದ್ ಕೂಡ ಕುರ್ಚಿ ಸಮೇತ ಅಲ್ಲಾಡುವಂತೆ ನಕ್ಕರು. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು ಎಂದಿನ ತೂಕಕ್ಕೆ ಮರಳಿದರು.

“ಉಗ್ರಾಣದ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ತಿದ್ದಕ್ಕೆ ಆಗೋ ಹಾಗಿದ್ದಿದ್ರೆ ಇವತ್ತು ಬೆಳಿಗ್ಗೆಯೇ ಎಲ್ಲ ಅಳಿಸಿ ಕೂತಿರ್ತಿದ್ರಿ, ನನಗೆ ಗೊತ್ತೇ ಆಗ್ತಿರ್ಲಿಲ್ಲ. ಬೀಗ ಇರೋದೇ ನಮಗೂ ಬೇಕು.”

ಬಸವಕಿರಣನ ಎದೆ ಒಂದು ಇಂಚು ಉಬ್ಬಿತು.

“ಒಂದೇ ಷರತ್ತು,” ಎಂದರು ಅರವಿಂದ್. “ಔಷಧದ ದಾಖಲೆ ಇದು. ಒಂದೇ ಬೆಳಿಗ್ಗೆ ಇಪ್ಪತ್ತಾರು ಸುಳ್ಳು ಬರೆದ ಕೈಗೆ ಈ ಉಗ್ರಾಣದ ಕೀಲಿ ಕೊಡಬೇಡಿ. ಅದು ಎಂಥ ಒಳ್ಳೇ ಮಗನ ಕೈಯೇ ಆಗಿರಲಿ. ಏಳು ವರ್ಷ ಆ ಸಾಲುಗಳು ಅಲ್ಲೇ ಇರ್ತವಲ್ಲ, ನಾಳೆ ಬರೋ ತಪಾಸಣೆಯವರಿಗೆ ಏನು ಹೇಳಲಿ?”

ಅರವಿಂದ್ ಹೋದ ಮೇಲೆ ವೆಂಕಟೇಶರು ಉಗ್ರಾಣವನ್ನು ಕೃಪಾಳಿಗೆ ಒಪ್ಪಿಸಿದರು. ಅವಳಿಗೆ ಬೇಡವಾಗಿದ್ದ ಉಗ್ರಾಣ ಅವಳದಾಯಿತು. ಬಸವಕಿರಣನ ಬೆನ್ನು ತಟ್ಟಿ, “ಫಿಕರ್ ಮಾಡಬ್ಯಾಡ್ರಿ. ಕಾರ್ಖಾನೆದಾಗ ನಲವತ್ತು ಬಾಗಲಾ ಅದಾವ. ಒದರಿದಾಗೊಮ್ಮೆ ಅಲ್ಲಿನವರಿಗೆ ಫೋನ್ ಮಾಡಿ ‘ಮುಚ್ರಿ’ ಅನ್ನೋ ಕೆಲಸ ನಿಮಗ. ಅದರಾಗ ನಿಮಗ ಅನುಭವ ಐತಿ,” ಎಂದರು.

ಸಂಜೆ ಅವನು ಮನೆಗೆ ಬಂದಾಗ ಶಿವದೇವಿ ಅಡುಗೆಮನೆಯಲ್ಲಿ ಪಲ್ಲೆಯ ಸೊಪ್ಪು ಬಿಡಿಸುತ್ತಿದ್ದಳು. ಗದಿಗೆಮ್ಮ ಮೆಲ್ಲಗೆ ಕೋಣೆಯ ಕಡೆ ಜಾರಲು ನೋಡಿದಳು. ಬಸವಕಿರಣ ಅವಳ ಕೈ ಹಿಡಿದು ಕೂಡಿಸಿ, ಹೆಂಡತಿಗೆ ಎಲ್ಲವನ್ನೂ ಹೇಳಿದ, ಬುಂದೆ ಉಂಡಿಯನ್ನೂ ಬಿಡದೆ. ಆಮೇಲೆ ಫ್ರಿಜ್ಜಿನಿಂದ ಡಬ್ಬಿ ಕಿತ್ತು ತೆಗೆದ.

“ಇನ್ನ ಬಾಗಲಾ ತೆರೆದು ಕುಂದ್ರೋದು ಬ್ಯಾಡವ್ವಾ. ದಿನಾ ಮೂರಕ್ಕ ನಾನ ಫೋನ್ ಮಾಡ್ತೀನಿ.”

ಗದಿಗೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಶಿವದೇವಿ ಪಲ್ಲೆ ಹಿಡಿದುಕೊಂಡೇ ಅತ್ತೆಯ ಬಳಿ ಬಂದು ಕೂತು, “ಮುಂಜಾನೆ ಭಾಳ ಅಂದೆ, ತಪ್ಪಾತ್ರಿ,” ಎಂದಳು. ಎಲ್ಲ ತಿಳಿಯಾಯಿತು ಎಂದುಕೊಂಡು ಬಸವಕಿರಣ ಡಬ್ಬಿಯನ್ನು ಚೀಲಕ್ಕೆ ಹಾಕಲು ಹೊರಟ.

“ಅದನ್ನ ಎಲ್ಲಿ ಒಯ್ತೀರಿ? ಇಲ್ಲಿ ಕೊಡ್ರಿ,” ಎಂದು ಶಿವದೇವಿ ಕೈ ಚಾಚಿದಳು.

“ನಿನಗ್ಯಾಕ?”

“ನನ್ನ ಟಿಫಿನ್ ಡಬ್ಬಿಗೆ ಹಚ್ಕೋತೀನಿ,” ಎಂದಳು ಅವಳು, ಪಲ್ಲೆಯ ಕಡೆಗೇ ನೋಡುತ್ತ. “ಹನ್ನೊಂದು ವರ್ಷ ಆತು, ಮಧ್ಯಾಹ್ನ ಉಂಡೇನು ಅಂತ ಒಂದು ಫೋನ್ ಬಂದಿಲ್ಲ. ನಾಳಿಂದ ನಾನೂ ಶಾಲ್ಯಾಗ ಮುಚ್ಚಳ ತೆರೆದ ಕುಂತಿರ್ತೀನಿ.”